ಹಳ್ಳಿಯ ಡೇರಿಯಲ್ಲಿ ಭೌತವಿಜ್ಞಾನ

ವ್ಯಾಪಾರದ ಬೆಳವಣಿಗೆಗೆ ಆಧುನಿಕ ತಂತ್ರಜ್ಞಾನ ಎಂದೊಡನೆ ನಮಗೆ ನೆನಪಾಗುವುದು ದೊಡ್ಡ ಕಾರ್ಖಾನೆಗಳು, ಗಣಕಯಂತ್ರಗಳ ಸಾಲು, ನಗರದ ಕಚೇರಿಗಳು. ಆದರೆ ಕರ್ನಾಟಕದ ಸಾವಿರಾರು ಹಳ್ಳಿಗಳಲ್ಲಿ ದಿನಕ್ಕೆ ಎರಡು ಬಾರಿ ನಡೆಯುವ ಒಂದು ವ್ಯವಹಾರವನ್ನು ಗಮನಿಸಿ. ಬೆಳಿಗ್ಗೆ ಮತ್ತು ಸಂಜೆ ಜನರು ಕ್ಯಾನು, ಬಿಂದಿಗೆ, ಉಗ್ಗಗಳಲ್ಲಿ ಹಾಲು ತಂದು ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಸಾಲಾಗಿ ನಿಲ್ಲುತ್ತಾರೆ. ಒಬ್ಬರು ಎರಡು ಲೀಟರ್ ತಂದಿದ್ದರೆ ಮತ್ತೊಬ್ಬರು ಇಪ್ಪತ್ತು ಲೀಟರ್ ತಂದಿರುತ್ತಾರೆ. ಪ್ರತಿಯೊಬ್ಬರ ಹಾಲನ್ನೂ ತೂಗಿ, ಪರೀಕ್ಷಿಸಿ, ಬೆಲೆ ಕಟ್ಟಿ, ಚೀಟಿ ಕೊಡಬೇಕು. ಇದಕ್ಕೆ ಸಿಗುವ ಸಮಯ ಒಬ್ಬರಿಗೆ ಒಂದೋ ಎರಡೋ ನಿಮಿಷ.

ಈ ಒಂದೆರಡು ನಿಮಿಷಗಳಲ್ಲಿ ಪ್ರೌಢಶಾಲೆಯ ಮತ್ತು ಪದವಿಪೂರ್ವ ತರಗತಿಯ ಭೌತವಿಜ್ಞಾನದ ಅರ್ಧ ಪಠ್ಯವೇ ಅಡಗಿದೆ. ಜೊತೆಗೆ, ತಂತ್ರಜ್ಞಾನ ಒಂದು ವ್ಯವಹಾರವನ್ನು ಹೇಗೆ ಬೆಳೆಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗುವುದು ಕಷ್ಟ.

ಅಳತೆಯೇ ಏಕೆ ಮುಖ್ಯ?

1946ರ ಡಿಸೆಂಬರ್‌ನಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಒಕ್ಕೂಟ ಆನಂದ್‌ನಲ್ಲಿ ನೋಂದಣಿಯಾಯಿತು. ಆಗ ಅದರಲ್ಲಿದ್ದದ್ದು ಎರಡು ಹಳ್ಳಿಗಳ ಸಂಘಗಳು, ದಿನಕ್ಕೆ 247 ಲೀಟರ್ ಹಾಲು. ತ್ರಿಭುವನದಾಸ್ ಪಟೇಲರ ನಾಯಕತ್ವ ಮತ್ತು 1949ರಲ್ಲಿ ಆನಂದ್‌ಗೆ ಬಂದ ವರ್ಗೀಸ್ ಕುರಿಯನ್ ಅವರ ಆಡಳಿತದಲ್ಲಿ ಅದು 'ಅಮೂಲ್' ಆಗಿ ಬೆಳೆಯಿತು. 1970ರಿಂದ 1996ರವರೆಗೆ ನಡೆದ 'ಆಪರೇಷನ್ ಫ್ಲಡ್' ಯೋಜನೆ ಅದೇ ಮಾದರಿಯನ್ನು ದೇಶಕ್ಕೆ ಹರಡಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಹೈನುಗಾರಿಕೆ ಅಭಿವೃದ್ಧಿ ನಿಗಮ ಆರಂಭವಾಯಿತು. ಅದರ ಮುಂದಿನ ರೂಪವೇ 1984ರ ಕರ್ನಾಟಕ ಹಾಲು ಮಹಾಮಂಡಳ, ಅಂದರೆ ನಮ್ಮ 'ನಂದಿನಿ'.

ಈ ಬೆಳವಣಿಗೆಗೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚು ಮಾತಿಗೆ ಬಾರದ ಒಂದು ಕಾರಣ ಅಳತೆ. ಹಾಲಿಗೆ ಬರೀ ಲೀಟರ್ ಲೆಕ್ಕದಲ್ಲಿ ಬೆಲೆ ಕೊಟ್ಟರೆ ಏನಾಗುತ್ತದೆ, ಯೋಚಿಸಿ. ಒಂದು ಲೋಟ ನೀರು ಬೆರೆಸಿದವರಿಗೆ ಲಾಭ, ಬೆರೆಸದವರಿಗೆ ನಷ್ಟ. ಕೆಲವೇ ದಿನಗಳಲ್ಲಿ ಪ್ರಾಮಾಣಿಕರು ಒಂದೋ ಡೇರಿ ಬಿಡುತ್ತಾರೆ, ಇಲ್ಲವೇ ತಾವೂ ನೀರು ಬೆರೆಸಲು ಕಲಿಯುತ್ತಾರೆ. ಎರಡರಿಂದಲೂ ಸಂಘ ಮುಳುಗುತ್ತದೆ. ಹಾಲಿನಲ್ಲಿರುವ ಬೆಲೆಯುಳ್ಳ ಪದಾರ್ಥಕ್ಕೆ, ಅಂದರೆ ಜಿಡ್ಡಿಗೆ ಮತ್ತು ಜಿಡ್ಡಲ್ಲದ ಘನಪದಾರ್ಥಕ್ಕೆ, ಹಣ ಕೊಟ್ಟರೆ ನೀರು ಬೆರೆಸುವುದರಿಂದ ಏನೂ ಸಿಗುವುದಿಲ್ಲ. ಡೇರಿಯ ಮಾತಿನಲ್ಲಿ ಇವು 'ಫ್ಯಾಟ್' ಮತ್ತು 'ಎಸ್‌ಎನ್‌ಎಫ್'. ಹಾಗಾಗಿ ಈ ವ್ಯವಹಾರದ ಅಡಿಪಾಯ ಮೂರು ಸಂಖ್ಯೆಗಳು: ತೂಕ, ಫ್ಯಾಟ್, ಎಸ್‌ಎನ್‌ಎಫ್. ಹಾಲು ತಂದವರು ಈ ಮೂರನ್ನೂ ನಂಬಬೇಕು. ನಂಬಿದರೆ ನಾಳೆಯೂ ಬರುತ್ತಾರೆ, ಇನ್ನೊಂದು ಹಸು ಕೊಳ್ಳುವ ಧೈರ್ಯ ಮಾಡುತ್ತಾರೆ.

ತೂಕ: ಬಾಗುವ ಲೋಹ, ಬದಲಾಗುವ ರೋಧ

ಮೊದಲು ಹಾಲನ್ನು ಅಳತೆಯ ಪಾತ್ರೆಯಲ್ಲಿ ಅಳೆಯುತ್ತಿದ್ದರು. ನೊರೆ ಇದ್ದರೆ ಅಳತೆ ತಪ್ಪುತ್ತದೆ, ಸುರಿಯುವ ಕೈಯ ಮೇಲೂ ಅಳತೆ ನಿಂತಿರುತ್ತದೆ. ಈಗ ಬಹುತೇಕ ಕಡೆ ವಿದ್ಯುನ್ಮಾನ ತೂಕದ ಯಂತ್ರವಿದೆ. ಅದರ ತಟ್ಟೆಯ ಕೆಳಗಿರುವ 'ಲೋಡ್ ಸೆಲ್' ಎಂಬುದು ಒಂದು ಲೋಹದ ತುಂಡು. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ಲೋಹದ ಪಟ್ಟಿಗಳು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಹಿಗ್ಗಿದ ತಂತಿ ಉದ್ದವೂ ಆಗುತ್ತದೆ, ಸಣ್ಣಗೂ ಆಗುತ್ತದೆ. ಆದ್ದರಿಂದ ಅದರ ವಿದ್ಯುತ್ ರೋಧ ಏರುತ್ತದೆ.

ಈ ಏರಿಕೆ ಎಷ್ಟು? ಪಟ್ಟಿಯ ರೋಧ 350 ಓಮ್, ಅದರ ಉದ್ದ ಸಾವಿರದಲ್ಲಿ ಒಂದು ಭಾಗದಷ್ಟು ಹೆಚ್ಚಿತು ಎನ್ನಿ. ರೋಧದ ಸಾಪೇಕ್ಷ ಬದಲಾವಣೆ ಇದರ ಸುಮಾರು ಎರಡರಷ್ಟು, ಅಂದರೆ 0.7 ಓಮ್ ಮಾತ್ರ. ಇದನ್ನು ಅಳೆಯಲು ನೀವು ಪ್ರಯೋಗಶಾಲೆಯಲ್ಲಿ ಬಳಸುವ ವೀಟ್‌ಸ್ಟನ್ ಸೇತುವೆಯೇ ನೆರವಿಗೆ ಬರುತ್ತದೆ. ಹಿಗ್ಗುವ ಎರಡು ಪಟ್ಟಿ, ಕುಗ್ಗುವ ಎರಡು ಪಟ್ಟಿಗಳನ್ನು ಸೇತುವೆಯ ನಾಲ್ಕು ಭುಜಗಳಾಗಿ ಜೋಡಿಸುತ್ತಾರೆ. ಆಗ 10 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ ಸುಮಾರು 20 ಮಿಲಿವೋಲ್ಟ್ ದೊರೆಯುತ್ತದೆ. ಯಂತ್ರದ ಸಾಮರ್ಥ್ಯ 50 ಕಿಲೋಗ್ರಾಂ ಇದ್ದರೆ 10 ಗ್ರಾಂ ಹಾಲಿಗೆ ಸಿಗುವುದು 4 ಮೈಕ್ರೋವೋಲ್ಟ್. ಅದನ್ನು ವರ್ಧಿಸಿ, ಅಂಕಿಯಾಗಿ ಪರಿವರ್ತಿಸಿ ಪರದೆಯ ಮೇಲೆ ತೋರಿಸಲಾಗುತ್ತದೆ. ನಾಲ್ಕೂ ಪಟ್ಟಿಗಳು ಒಂದೇ ಉಷ್ಣತೆಯಲ್ಲಿರುವುದರಿಂದ ಬಿಸಿಲು, ಚಳಿಯ ಪರಿಣಾಮ ಬಹುಮಟ್ಟಿಗೆ ತಾನೇ ರದ್ದಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋಗ್ರಾಂ ತೂಗುತ್ತದೆ. ನಾಲ್ಕು ಲೀಟರ್ ಹಾಲಿನ ತೂಕ 4.12 ಕಿಲೋ. ಯಂತ್ರ ಕಿಲೋ ತೋರಿಸಿ, ದರಪಟ್ಟಿ ಲೀಟರ್‌ನಲ್ಲಿದ್ದರೆ ಪರಿವರ್ತನೆ ಆಗಲೇಬೇಕು. ಚೀಟಿಯಲ್ಲಿ ಮಾನವನ್ನು ಸ್ಪಷ್ಟವಾಗಿ ಮುದ್ರಿಸುವುದು ಚಿಕ್ಕ ವಿಷಯವಲ್ಲ.

ಫ್ಯಾಟ್: ಗುರುತ್ವಕ್ಕೆ ಬದಲಾಗಿ ತಿರುಗಣೆ

ಹಾಲಿನ ಜಿಡ್ಡು ಸಣ್ಣ ಗೋಲಿಗಳ ರೂಪದಲ್ಲಿ ತೇಲುತ್ತಿರುತ್ತದೆ. ಗೋಲಿಯೊಂದರ ಸರಾಸರಿ ವ್ಯಾಸ ಮೂರು, ನಾಲ್ಕು ಮೈಕ್ರಾನ್. ಜಿಡ್ಡು ನೀರಿಗಿಂತ ಹಗುರ, ಹಾಗಾಗಿ ಮೇಲೇರುತ್ತದೆ. ಎಷ್ಟು ವೇಗವಾಗಿ ಏರುತ್ತದೆ ಎಂಬುದನ್ನು ಸ್ಟೋಕ್ಸ್ ನಿಯಮದಿಂದ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಗೋಲಿಯ ತ್ರಿಜ್ಯ 2 ಮೈಕ್ರಾನ್, ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ 100 ಕಿಲೋಗ್ರಾಂ, ಹಾಲಿನ ಸ್ನಿಗ್ಧತೆ ನೀರಿನ ಎರಡರಷ್ಟು ಎಂದು ಇಟ್ಟುಕೊಂಡರೆ ಗಂಟೆಗೆ ಸುಮಾರು ಒಂದೂವರೆ ಮಿಲಿಮೀಟರ್ ಬರುತ್ತದೆ. ಕೆನೆ ಕಟ್ಟಲು ಹಾಲನ್ನು ಹೊತ್ತುಗಟ್ಟಲೆ ಅಲುಗಾಡಿಸದೆ ಇಡಬೇಕಾದದ್ದು ಇದರಿಂದಲೇ.

ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ 1890ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನ ಈ ಕಾಯುವಿಕೆಯನ್ನು ನಿಮಿಷಗಳಿಗೆ ಇಳಿಸಿತು. ಗಾಜಿನ ವಿಶೇಷ ನಳಿಕೆಯಲ್ಲಿ 10 ಮಿಲಿಲೀಟರ್ ಸಲ್ಫ್ಯೂರಿಕ್ ಆಮ್ಲ, ಸುಮಾರು 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಹಾಕುತ್ತಾರೆ. ಆಮ್ಲವು ಪ್ರೋಟೀನನ್ನು ಕರಗಿಸಿ ಜಿಡ್ಡಿನ ಗೋಲಿಗಳ ಹೊದಿಕೆಯನ್ನು ಒಡೆಯುತ್ತದೆ. ನಂತರ ನಳಿಕೆಯನ್ನು ನಿಮಿಷಕ್ಕೆ ಸುಮಾರು 1100 ಸುತ್ತು ತಿರುಗಿಸುತ್ತಾರೆ. ತಿರುಗಣೆಯ ತ್ರಿಜ್ಯ 25 ಸೆಂಟಿಮೀಟರ್ ಇದ್ದರೆ ಅಲ್ಲಿನ ಕೇಂದ್ರಾಪಗಾಮಿ ಉತ್ಕರ್ಷ ಗುರುತ್ವದ ಸುಮಾರು 340ರಷ್ಟಾಗುತ್ತದೆ. ಜಿಡ್ಡು ಬೇರ್ಪಟ್ಟು ನಳಿಕೆಯ ಕತ್ತಿನಲ್ಲಿ ನಿಲ್ಲುತ್ತದೆ. 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿಟ್ಟು ಗುರುತುಗಳನ್ನು ಓದಿದರೆ ಶೇಕಡಾ ಫ್ಯಾಟ್ ಗೊತ್ತಾಗುತ್ತದೆ.

ಗರ್ಬರ್ ವಿಧಾನ ಇಂದಿಗೂ ಹೋಲಿಕೆಯ ಅಳತೆಗೋಲು. ಆದರೆ ಹಳ್ಳಿಯ ಸಂಘಕ್ಕೆ ಅದರಲ್ಲಿ ಮೂರು ತೊಂದರೆಗಳಿವೆ. ಪ್ರಬಲ ಆಮ್ಲವನ್ನು ದಿನಕ್ಕೆರಡು ಬಾರಿ ಬಳಸಬೇಕು. ಪರೀಕ್ಷಕರ ಕಣ್ಣಿನ ಓದಿನ ಮೇಲೆ ಬೆಲೆ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಫಲಿತಾಂಶ ಬರುವ ಹೊತ್ತಿಗೆ ಹಾಲು ಆಗಲೇ ಎಲ್ಲರ ಹಾಲಿನೊಡನೆ ಬೆರೆತುಹೋಗಿರುತ್ತದೆ, ಹಾಲು ತಂದವರು ಮನೆ ಸೇರಿರುತ್ತಾರೆ.

ಎಸ್‌ಎನ್‌ಎಫ್: ಲ್ಯಾಕ್ಟೋಮೀಟರ್ ಮೋಸ ಹೋಗುವ ಬಗೆ

ಲ್ಯಾಕ್ಟೋಮೀಟರ್ ಆರ್ಕಿಮಿಡೀಸ್ ತತ್ತ್ವದ ಸರಳ ಉಪಕರಣ. ಹಾಲಿನ ಸಾಂದ್ರತೆ 1.029 ಇದ್ದರೆ ಅದು 29 ಎಂದು ತೋರಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಇದನ್ನು 'ಡಿಗ್ರಿ' ಎನ್ನುತ್ತಾರೆ. ಒಂಬತ್ತು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಸೇರಿಸಿದರೆ 29 ಇದ್ದದ್ದು ಸುಮಾರು 26ಕ್ಕೆ ಇಳಿಯುತ್ತದೆ. ಮೋಸ ತಕ್ಷಣ ಬಯಲಾಗುತ್ತದೆ.

ಆದರೆ ಕೆನೆ ತೆಗೆದ ಹಾಲಿನ ಡಿಗ್ರಿ ಇಳಿಯುವುದಿಲ್ಲ, ಏರುತ್ತದೆ. ಹಗುರವಾದ ಜಿಡ್ಡು ಹೋದ ಮೇಲೆ ಉಳಿದದ್ದು ಹೆಚ್ಚು ಸಾಂದ್ರವಾಗಿರುತ್ತದೆ. ಹೀಗೆ ಕೆನೆ ತೆಗೆದು ಡಿಗ್ರಿ 36ರ ಹತ್ತಿರ ಬಂದ ಹಾಲಿಗೆ ಒಟ್ಟು ಮಿಶ್ರಣದ ಐದನೆಯ ಒಂದು ಭಾಗದಷ್ಟು ನೀರು ಸೇರಿಸಿ. ಲ್ಯಾಕ್ಟೋಮೀಟರ್ ಮತ್ತೆ 29ರ ಹತ್ತಿರ ನಿಲ್ಲುತ್ತದೆ! ಒಂದೇ ಉಪಕರಣವನ್ನು ನಂಬಿದರೆ ಎರಡು ಮೋಸಗಳು ಒಂದನ್ನೊಂದು ಮುಚ್ಚುತ್ತವೆ. ಫ್ಯಾಟ್ ಅನ್ನೂ ಅಳೆದರೆ ಮಾತ್ರ ಗುಟ್ಟು ರಟ್ಟಾಗುತ್ತದೆ.

ಎರಡೂ ಅಳತೆ ಇದ್ದಾಗ ಎಸ್‌ಎನ್‌ಎಫ್ ಅನ್ನು ಒಂದು ಸೂತ್ರದಿಂದ ಪಡೆಯಬಹುದು. ಬಳಕೆಯಲ್ಲಿರುವ ಒಂದು ರೂಪ ಹೀಗಿದೆ: ಡಿಗ್ರಿಯನ್ನು 4ರಿಂದ ಭಾಗಿಸಿ, ಅದಕ್ಕೆ ಫ್ಯಾಟ್‌ನ 0.2ರಷ್ಟನ್ನೂ 0.36 ಅನ್ನೂ ಕೂಡಿಸಿ. ಡಿಗ್ರಿ 29, ಫ್ಯಾಟ್ 4 ಇದ್ದರೆ ಎಸ್‌ಎನ್‌ಎಫ್ ಶೇಕಡಾ 8.41. ಸೂತ್ರದ ಸ್ಥಿರಾಂಕಗಳು ಲ್ಯಾಕ್ಟೋಮೀಟರಿನ ಪ್ರಮಾಣಿತ ಉಷ್ಣತೆಯನ್ನು ಅವಲಂಬಿಸಿ ಸ್ವಲ್ಪ ಬದಲಾಗುತ್ತವೆ.

ಹಾಲಿನಲ್ಲಿ ಶಬ್ದದ ಓಟ

ಈಗ ಅನೇಕ ಸಂಘಗಳ ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರ ನಳಿಕೆಯನ್ನು ಹಾಲಿನ ಮಾದರಿಯಲ್ಲಿ ಅದ್ದಿದರೆ ಸುಮಾರು ಒಂದು ನಿಮಿಷದಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಎರಡನ್ನೂ ತೋರಿಸುತ್ತದೆ. ಆಮ್ಲ ಬೇಕಿಲ್ಲ. ಇದು ಕೆಲಸ ಮಾಡುವುದು ಕಿವಿಗೆ ಕೇಳದ ಶಬ್ದದಿಂದ, ಅಂದರೆ ಶ್ರವಣಾತೀತ ತರಂಗಗಳಿಂದ.

ಪೆಟ್ಟಿಗೆಯೊಳಗಿನ ಸಣ್ಣ ಕೋಶದ ಒಂದು ಬದಿಯಲ್ಲಿ ಪೀಜೋವಿದ್ಯುತ್ ಸ್ಫಟಿಕವಿದೆ. ವಿದ್ಯುತ್ ಕೊಟ್ಟಾಗ ಅದು ಕಂಪಿಸಿ ತರಂಗವನ್ನು ಹೊರಡಿಸುತ್ತದೆ. ತರಂಗ ಹಾಲಿನ ಮೂಲಕ ಸಾಗಲು ಎಷ್ಟು ಸಮಯ ಬೇಕಾಯಿತು, ಎಷ್ಟು ಕ್ಷೀಣವಾಯಿತು ಎಂಬುದನ್ನು ಯಂತ್ರ ಅಳೆಯುತ್ತದೆ. ಇಲ್ಲಿ ಪ್ರಕೃತಿಯ ಒಂದು ಸೊಗಸಾದ ವೈಚಿತ್ರ್ಯ ಸಹಾಯಕ್ಕೆ ಬರುತ್ತದೆ. ನೀರಿನಲ್ಲಿ ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 1482 ಮೀಟರ್, 40 ಡಿಗ್ರಿಯಲ್ಲಿ 1529, 60 ಡಿಗ್ರಿಯಲ್ಲಿ 1551. ಬಿಸಿಯಾದಂತೆ ವೇಗ ಏರುತ್ತದೆ. ಜಿಡ್ಡಿನಲ್ಲಿ ಇದಕ್ಕೆ ತದ್ವಿರುದ್ಧ: ಪ್ರತಿ ಡಿಗ್ರಿಗೆ ಸುಮಾರು 3 ಮೀಟರ್‌ನಷ್ಟು ಇಳಿಯುತ್ತದೆ. ಆದ್ದರಿಂದ ಅದೇ ಹಾಲನ್ನು ಎರಡು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದರೆ ಎರಡು ಸಮೀಕರಣಗಳು ಸಿಗುತ್ತವೆ. ಗೊತ್ತಿಲ್ಲದ ಸಂಖ್ಯೆಗಳೂ ಎರಡು, ಫ್ಯಾಟ್ ಮತ್ತು ಎಸ್‌ಎನ್‌ಎಫ್. ನಿಮ್ಮ ವಿದ್ಯಾರ್ಥಿಗಳು ಹತ್ತನೆಯ ತರಗತಿಯಲ್ಲಿ ಬಿಡಿಸುವ ಏಕಕಾಲಿಕ ಸಮೀಕರಣಗಳ ತತ್ತ್ವವೇ ಇದು.

ಅಳತೆಯ ಸೂಕ್ಷ್ಮತೆಯನ್ನು ನೋಡಿ. ತರಂಗ ಸಾಗುವ ದಾರಿ 5 ಸೆಂಟಿಮೀಟರ್ ಎನ್ನಿ. ಅದಕ್ಕೆ ಬೇಕಾದ ಸಮಯ ಸುಮಾರು 33 ಮೈಕ್ರೋಸೆಕೆಂಡ್. ವೇಗದಲ್ಲಿ ಸೆಕೆಂಡಿಗೆ 1 ಮೀಟರ್‌ನಷ್ಟು ವ್ಯತ್ಯಾಸವಾದರೆ ಸಮಯದಲ್ಲಿ ಆಗುವ ವ್ಯತ್ಯಾಸ ಕೇವಲ 21 ನ್ಯಾನೋಸೆಕೆಂಡ್. ಅಗ್ಗದ ಕ್ವಾರ್ಟ್ಜ್ ಗಡಿಯಾರ ಮತ್ತು ಅರೆವಾಹಕ ಮಂಡಲಗಳು ಬಂದಿದ್ದರಿಂದಲೇ ಇಂಥ ಅಳತೆ ಹಳ್ಳಿಯ ಮೇಜಿಗೆ ಬಂದಿತು.

ತಂಪು ತೊಟ್ಟಿ ಮತ್ತು ಒಂದು ನಿಮಿಷದ ಬೆಲೆ

ಫಲಿತಾಂಶ ಬೇಗ ಬಂದರೆ ಸಾಲು ಬೇಗ ಕರಗುತ್ತದೆ, ನಿಜ. ಆದರೆ ದೊಡ್ಡ ಲಾಭ ಬೇರೆಡೆ ಇದೆ. ಕರೆದ ಹಾಲಿನ ಉಷ್ಣತೆ ಸುಮಾರು 35 ಡಿಗ್ರಿ. ಈ ಬಿಸಿಯಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗುತ್ತವೆ ಎಂದುಕೊಂಡರೂ ನಾಲ್ಕು ಗಂಟೆಯಲ್ಲಿ 256ರಷ್ಟಾಗುತ್ತವೆ. ಆದ್ದರಿಂದ ಈಗ ಹಲವು ಹಳ್ಳಿಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ತಂಪು ತೊಟ್ಟಿಗಳಿವೆ. ಸಾವಿರ ಲೀಟರ್ ಹಾಲಿನಿಂದ ತೆಗೆಯಬೇಕಾದ ಶಾಖ 1030 ಕಿಲೋಗ್ರಾಂ × 3.9 × 31, ಅಂದರೆ ಸುಮಾರು 1,24,500 ಕಿಲೋಜೂಲ್. ವಿದ್ಯುತ್ ಮಾನದಲ್ಲಿ ಹೇಳುವುದಾದರೆ 35 ಯೂನಿಟ್‌ನಷ್ಟು ಶಾಖ. ಶೈತ್ಯಯಂತ್ರ ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಶಾಖವನ್ನು ಹೊರಹಾಕಬಲ್ಲದಾದರೆ ಖರ್ಚು 12 ಯೂನಿಟ್‌ನ ಆಸುಪಾಸು.

ಆದರೆ ತೊಟ್ಟಿಯಲ್ಲಿ ಎಲ್ಲರ ಹಾಲೂ ಒಂದಾಗುತ್ತದೆ. ಒಬ್ಬರ ಕೆಟ್ಟ ಹಾಲು ನೂರು ಜನರ ಹಾಲನ್ನು ಕೆಡಿಸಬಹುದು. ಸುರಿಯುವ ಮುನ್ನವೇ ಗುಣ ಗೊತ್ತಾಗಬೇಕು. ಒಂದು ನಿಮಿಷದಲ್ಲಿ ಉತ್ತರ ಹೇಳುವ ಯಂತ್ರವಿದ್ದರೆ ಇದು ಸಾಧ್ಯ, ಒಂದು ಗಂಟೆ ಬೇಕಾದರೆ ಅಸಾಧ್ಯ. ವೇಗದ ಅಳತೆ ಮತ್ತು ತಂಪು ತೊಟ್ಟಿ ಹೀಗೆ ಒಂದಕ್ಕೊಂದು ಜೋಡಿಯಾಗಿವೆ. ತೂಕ ಮತ್ತು ಪರೀಕ್ಷೆಯ ಯಂತ್ರಗಳನ್ನು ಗಣಕಯಂತ್ರಕ್ಕೆ ಜೋಡಿಸಿದರೆ ದರವೂ ಚೀಟಿಯೂ ಅಲ್ಲೇ ಸಿದ್ಧವಾಗುತ್ತವೆ. ಬಟವಾಡೆಯ ಲೆಕ್ಕಕ್ಕೆ ರಾತ್ರಿಯಿಡೀ ಕೂರಬೇಕಾಗಿಲ್ಲ, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಯಂತ್ರ ಹೇಳಿದ್ದೆಲ್ಲ ಸತ್ಯವೇ?

ಈ ಪ್ರಶ್ನೆಯೇ ಲೇಖನದ ತಿರುಳು. ಪರದೆಯ ಮೇಲೆ 3.87 ಎಂದು ಕಂಡಾಗ ಅದನ್ನು ಪ್ರಶ್ನಿಸುವವರು ಕಡಿಮೆ. ಆದರೆ ಯಂತ್ರ ಫ್ಯಾಟ್ ಅನ್ನು ನೋಡುವುದಿಲ್ಲ, ಶಬ್ದದ ವೇಗವನ್ನು ಮಾತ್ರ ನೋಡುತ್ತದೆ. ಉಳಿದದ್ದು ಊಹೆ. ಸಕ್ಕರೆ ಅಥವಾ ಯೂರಿಯಾ ಬೆರೆತರೂ ಶಬ್ದದ ವೇಗ ಬದಲಾಗುತ್ತದೆ, ಯಂತ್ರ ಅದನ್ನು ಎಸ್‌ಎನ್‌ಎಫ್ ಎಂದೇ ಎಣಿಸಬಹುದು. ಅದಕ್ಕಾಗಿ ಕಲಬೆರಕೆಯ ರಾಸಾಯನಿಕ ಪರೀಕ್ಷೆಗಳನ್ನು ಬಿಡುವಂತಿಲ್ಲ. ಹಾಲಿನಲ್ಲಿ ಗಾಳಿಗುಳ್ಳೆಗಳಿದ್ದರೆ, ಕೋಶದೊಳಗೆ ಹಿಂದಿನ ಹಾಲಿನ ಪದರ ಅಂಟಿದ್ದರೆ, ಎಮ್ಮೆಯ ಹಾಲನ್ನು ಹಸುವಿನ ಹಾಲಿನ ವಿಭಾಗದಲ್ಲಿ ಅಳೆದರೆ ಉತ್ತರ ತಪ್ಪುತ್ತದೆ. ಮಾದರಿ ತೆಗೆಯುವ ಮುನ್ನ ಹಾಲನ್ನು ಚೆನ್ನಾಗಿ ಕಲಕದಿದ್ದರೆ ಎಂಥ ಯಂತ್ರವೂ ಪ್ರಯೋಜನವಿಲ್ಲ.

ದೋಷಗಳಲ್ಲಿ ಎರಡು ಬಗೆ ಎಂದು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ಯಾದೃಚ್ಛಿಕ ದೋಷ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಒಂದು ಅಳತೆಯಲ್ಲಿ 0.1ರಷ್ಟು ದೋಷವಿದ್ದರೂ ವರ್ಷದ 730 ಅಳತೆಗಳ ಸರಾಸರಿಯಲ್ಲಿ ಅದು 730ರ ವರ್ಗಮೂಲದಷ್ಟು, ಅಂದರೆ 27 ಪಟ್ಟು ಕುಗ್ಗುತ್ತದೆ. ಹಾಲು ಹಾಕುವವರಿಗೆ ಅದರಿಂದ ಹೆಚ್ಚು ನಷ್ಟವಿಲ್ಲ. ವ್ಯವಸ್ಥಿತ ದೋಷ ಹಾಗಲ್ಲ. ಯಂತ್ರ ಪ್ರತಿ ಬಾರಿಯೂ 0.1 ಕಡಿಮೆ ತೋರಿಸಿದರೆ 730 ಬಾರಿ ಅಳೆದರೂ ಅದು 0.1 ಆಗಿಯೇ ಉಳಿಯುತ್ತದೆ.

ಲೆಕ್ಕಕ್ಕಾಗಿ, ಫ್ಯಾಟ್‌ನ 0.1ಕ್ಕೆ ಲೀಟರಿಗೆ 30 ಪೈಸೆ ವ್ಯತ್ಯಾಸ ಎಂದುಕೊಳ್ಳೋಣ. ದಿನಕ್ಕೆ 10 ಲೀಟರ್ ಹಾಕುವ ಕುಟುಂಬಕ್ಕೆ ದಿನಕ್ಕೆ 3 ರೂಪಾಯಿ, ವರ್ಷಕ್ಕೆ 1,095 ರೂಪಾಯಿ ನಷ್ಟ. ಸಾವಿರ ಲೀಟರ್ ಸಂಗ್ರಹಿಸುವ ಸಂಘದಲ್ಲಿ ಇದು ವರ್ಷಕ್ಕೆ 1,09,500 ರೂಪಾಯಿ. ಯಂತ್ರ ಹೆಚ್ಚು ತೋರಿಸಿದರೆ ಅಷ್ಟೇ ಹಣ ಸಂಘದ ಕೈಬಿಡುತ್ತದೆ, ಏಕೆಂದರೆ ಒಕ್ಕೂಟ ತನ್ನ ಪ್ರಯೋಗಾಲಯದ ಅಳತೆಗೆ ಹಣ ಕೊಡುತ್ತದೆ.

ಯಂತ್ರ ಸರಿಯಿದ್ದೂ ವ್ಯವಸ್ಥಿತ ದೋಷ ನುಸುಳಬಹುದು. 3.87 ಅನ್ನು 3.8 ಎಂದು ಬರೆದುಕೊಳ್ಳುವ ಪದ್ಧತಿಯನ್ನು ತೆಗೆದುಕೊಳ್ಳಿ. ಕೊನೆಯ ಅಂಕಿ 0ಯಿಂದ 9ರವರೆಗೆ ಯಾವುದಾದರೂ ಇರಬಹುದು. ಹಾಗಾಗಿ ಸರಾಸರಿ ನಷ್ಟ 0.045. ಅದು ಎಂದೂ ಹಾಲು ತಂದವರ ಪರವಾಗಿ ಬರುವುದಿಲ್ಲ. ಹತ್ತಿರದ ಅಂಕಿಗೆ ಪೂರ್ಣಗೊಳಿಸಿದರೆ, ಅಂದರೆ 3.87 ಅನ್ನು 3.9 ಎಂದೂ 3.83 ಅನ್ನು 3.8 ಎಂದೂ ಬರೆದರೆ, ಈ ನಷ್ಟ ಬಹುತೇಕ ಇಲ್ಲವಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಡ, ಲೆಕ್ಕದ ನಿಯಮವೊಂದನ್ನು ಬದಲಿಸಿದರೆ ಸಾಕು.

ಪರಿಹಾರಕ್ಕೆ ಅಂಶಾಂಕನ ಎಂದು ಹೆಸರು. ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ತಕ್ಕಡಿಯನ್ನು ಪರೀಕ್ಷಿಸುವುದು, ಗರ್ಬರ್ ವಿಧಾನದಲ್ಲಿ ಅಳೆದ ಹಾಲನ್ನೇ ಯಂತ್ರಕ್ಕೂ ಕೊಟ್ಟು ಹೋಲಿಸುವುದು, ಫಲಿತಾಂಶವನ್ನು ದಿನಾಂಕದೊಂದಿಗೆ ಬರೆದಿಡುವುದು. ಇದನ್ನು ಸದಸ್ಯರ ಎದುರಿನಲ್ಲೇ ಮಾಡಿದರೆ ಇನ್ನೂ ಒಳ್ಳೆಯದು. ಅಳತೆ ಗುಟ್ಟಾದಲ್ಲಿ ಅನುಮಾನ ಬೆಳೆಯುತ್ತದೆ, ಅನುಮಾನ ಬೆಳೆದಲ್ಲಿ ಹಾಲು ಖಾಸಗಿ ವ್ಯಾಪಾರಿಯ ಕ್ಯಾನಿಗೆ ಹೋಗುತ್ತದೆ. ಹೊಸ ಯಂತ್ರ ಕೊಂಡ ಸಂಘವೂ ಅಂಶಾಂಕನವನ್ನು ಮರೆತರೆ ಹಳೆಯ ಜಗಳವನ್ನೇ ಹೊಸ ಅಂಕಿಗಳಲ್ಲಿ ಆಡಬೇಕಾಗುತ್ತದೆ.

ಶಿಕ್ಷಕರಿಗೊಂದು ಸಲಹೆ

ಶಾಲೆಯ ಹತ್ತಿರದ ಸಂಘದ ಕಾರ್ಯದರ್ಶಿಯವರ ಒಪ್ಪಿಗೆ ಪಡೆದು ವಿದ್ಯಾರ್ಥಿಗಳನ್ನು ಒಂದು ಬೆಳಿಗ್ಗೆ ಡೇರಿಗೆ ಕರೆದೊಯ್ಯಿರಿ. ಆಮ್ಲದ ಪರೀಕ್ಷೆಯನ್ನು ದೂರದಿಂದ ನೋಡಿದರೆ ಸಾಕು. ಶಾಲೆಯ ತೂಕದ ಕಲ್ಲನ್ನು ಯಂತ್ರದ ತಟ್ಟೆಯ ಮೇಲೆ ಐದು ಬೇರೆ ಬೇರೆ ಜಾಗಗಳಲ್ಲಿ ಇಟ್ಟು ಓದಿ. ಒಂದೇ ಹಾಲನ್ನು ಹತ್ತು ಬಾರಿ ಪರೀಕ್ಷಕ ಯಂತ್ರಕ್ಕೆ ಕೊಟ್ಟು ಫ್ಯಾಟ್ ಎಷ್ಟು ಹರಡಿಕೊಳ್ಳುತ್ತದೆ ಎಂದು ಗುರುತಿಸಿ. ಕಲಕುವ ಮುನ್ನ ಮತ್ತು ಕಲಕಿದ ಮೇಲೆ ತೆಗೆದ ಮಾದರಿಗಳನ್ನು ಹೋಲಿಸಿ. ತರಗತಿಗೆ ಮರಳಿ ಸರಾಸರಿ, ಹರಡು, ಎರಡು ಬಗೆಯ ದೋಷ, ಅವುಗಳ ರೂಪಾಯಿ ಬೆಲೆ ಇವನ್ನು ಲೆಕ್ಕ ಹಾಕಿಸಿ.

ಆ ತರಗತಿಯ ಹಲವು ಮಕ್ಕಳ ಮನೆಯಿಂದಲೂ ಅದೇ ಡೇರಿಗೆ ಹಾಲು ಹೋಗುತ್ತಿರಬಹುದು. ಮನೆಗೆ ಬರುವ ಚೀಟಿಯ ಮೂರು ಸಂಖ್ಯೆಗಳನ್ನು ಓದಿ, ಅವು ಹೇಗೆ ಬಂದವು ಎಂದು ತಂದೆತಾಯಿಗೆ ವಿವರಿಸಬಲ್ಲ ವಿದ್ಯಾರ್ಥಿ, ಸಂಘದ ವಾರ್ಷಿಕ ಸಭೆಯಲ್ಲಿ "ಈ ಯಂತ್ರದ ಅಂಶಾಂಕನ ಕೊನೆಯ ಬಾರಿ ಆದದ್ದು ಯಾವಾಗ?" ಎಂದು ಕೇಳಲು ಅವರನ್ನು ಸಿದ್ಧಗೊಳಿಸಬಲ್ಲ.